ಸಹ್ಯಾದ್ರಿಯ ಹೊಂಬಣ್ಣದ ಚಿಟ್ಟೆಯೂ ಈಶ್ವರಿ ಬಳ್ಳಿಯೂ

ರಾಜ್ಯಗಳು ತಮಗೊಂದು ಪಕ್ಷಿಯನ್ನೂ ಪ್ರಾಣಿಯನ್ನೂ ವೃಕ್ಷವನ್ನೂ ಲಾಂಛನವಾಗಿ ಆರಿಸಿಕೊಳ್ಳುವ ಪದ್ಧತಿ ಹಳೆಯದು. ಚಿಟ್ಟೆಯನ್ನು ಆರಿಸಿಕೊಳ್ಳುವುದು ಈಚಿನದು. ೨೦೧೫ರ ಜೂನ್ ತಿಂಗಳಲ್ಲಿ ಮಹಾರಾಷ್ಟ್ರವು ‘ಬ್ಲೂ ಮಾರ್ಮನ್’ ಎಂಬ ಕಪ್ಪು-ನೀಲಿ ಬಣ್ಣದ ಚಿಟ್ಟೆಯನ್ನು ರಾಜ್ಯಚಿಟ್ಟೆಯೆಂದು ಸಾರಿ ಈ ವಿಷಯದಲ್ಲಿ ಭಾರತಕ್ಕೆ ಮೊದಲಿಗನಾಯಿತು. ಕರ್ನಾಟಕವು ೨೦೧೬-೧೭ರಲ್ಲಿ ‘ಸದರ್ನ್ ಬರ್ಡ್‌ವಿಂಗ್’ ಎಂಬ ಕಪ್ಪು-ಹಳದಿ ಬಣ್ಣದ ದೊಡ್ಡ ಚಿಟ್ಟೆಗೆ ಆ ಗೌರವವನ್ನಿತ್ತಿತು. ಈ ಎರಡೂ ಒಂದೇ ವಂಶದವು. ಎರಡಕ್ಕೂ ತೌರುಮನೆ ಸಹ್ಯಾದ್ರಿಯೇ. ಆದರೂ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲಸಿರುವ ನಮ್ಮ ಮನೆಯ ಮಹಡಿಯ ನಿಂಬೆಯ ಕುಂಡಕ್ಕೆ ಮೊದಲನೆಯದು ತಾನಾಗಿ ಬರುತ್ತದೆ. ಎರಡನೆಯದನ್ನು ಕಾಣಬೇಕಾದರೆ ನಾವು ದಕ್ಷಿಣಕ್ಕೆ ಹೋಗಬೇಕಾಗುತ್ತದೆ. ಒಂದೇ ಪರ್ವತಶ್ರೇಣಿಯ ಎರಡು ಜೀವಿಗಳಲ್ಲಿ ಒಂದು ನಗರಕ್ಕೆ ಹೊಂದಿಕೊಂಡು, ಇನ್ನೊಂದು ಕಾಡನ್ನು ಬಿಟ್ಟು ಬಾರದಿರುವುದಕ್ಕೆ ಕಾರಣವೇನು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಉತ್ತರವು ಚಿಟ್ಟೆಯಲ್ಲಿ ದೊರೆಯುವುದಕ್ಕಿಂತ ಹೆಚ್ಚಾಗಿ ಒಂದು ಕಾಡುಬಳ್ಳಿಯಲ್ಲಿ ದೊರೆಯುತ್ತದೆ. ಆ ಬಳ್ಳಿಯ ಹಾಗೂ ಚಿಟ್ಟೆಯ ಸಂಬಂಧವನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ವಂಶ ಮತ್ತು ನಾಮಧೇಯ

ಚಿಟ್ಟೆಗಳಲ್ಲಿ ‘ಪ್ಯಾಪಿಲಿಯೋನಿಡೇ’ ಎಂಬುದು ಗಾತ್ರದಲ್ಲಿಯೂ ವರ್ಣವೈಭವದಲ್ಲಿಯೂ ಅಗ್ರಗಣ್ಯವಾದ ವಂಶ. ಇದರಲ್ಲಿ ಅನೇಕ ಜಾತಿಗಳ ಹಿಂದಿನ ರೆಕ್ಕೆಯ ತುದಿಯು ಅಂಬರಗುಬ್ಬಿಯ ಕವಲುಬಾಲದಂತೆ ಚಾಚಿಕೊಂಡಿರುವುದರಿಂದ ಇವಕ್ಕೆ ಕವಲುಬಾಲದ ಚಿಟ್ಟೆಗಳೆಂದು ಹೆಸರಾಯಿತು. ಆದರೆ ನಮ್ಮ ರಾಜ್ಯಚಿಟ್ಟೆಗೆ ಆ ಬಾಲವಿಲ್ಲ. ಅದರ ಮುಂದಿನ ರೆಕ್ಕೆಗಳು ಹಕ್ಕಿಯ ರೆಕ್ಕೆಗಳಂತೆ ನೀಳವಾಗಿದ್ದು, ಹಾರಾಟವೂ ಹಕ್ಕಿಯದನ್ನೇ ಹೋಲುವುದರಿಂದ ಆಂಗ್ಲರು ‘ಬರ್ಡ್‌ವಿಂಗ್’ ಎಂದರು. ಈ ಲೇಖನದ ಮಟ್ಟಿಗೆ ಅದನ್ನು ‘ಹಕ್ಕಿರೆಕ್ಕೆ’ ಎಂದು ಕರೆಯೋಣ. ‘ಬ್ಲೂ ಮಾರ್ಮನ್’ಗೆ ಮರಾಠಿಯಲ್ಲಿ ‘ನೀಲವಂತ’ ಎಂಬ ಸೊಗಸಾದ ಹೆಸರು ಬಳಕೆಗೆ ಬಂದಿದೆ. ನೆರೆಯವರ ಆ ಮಾತನ್ನೇ ಇಲ್ಲಿ ಕಡ ತಂದಿದ್ದೇವೆ.

ಶಾಸ್ತ್ರೀಯ ನಾಮಗಳಲ್ಲಿ ಸಾಹಿತ್ಯಪ್ರಿಯರಿಗೆ ಕೌತುಕವೆನಿಸುವ ಒಂದು ಸಂಗತಿಯಿದೆ. ೧೭೫೮ರಲ್ಲಿ ಲಿನೇಯಸ್ ಪಂಡಿತನು ಜೀವಿಗಳಿಗೆ ಹೆಸರಿಡುವಾಗ ಈ ದೊಡ್ಡ ಚಿಟ್ಟೆಗಳನ್ನು ಟ್ರಾಯ್ ಯುದ್ಧದ ಎರಡು ಪಕ್ಷಗಳಾಗಿ ವಿಂಗಡಿಸಿದನು. ಎದೆಯಲ್ಲಿ ಕೆಂಪು ಗುರುತುಳ್ಳ ಕರಿಯ ಚಿಟ್ಟೆಗಳು ಟ್ರಾಯ್ ನಗರದ ಪಕ್ಷ. ಉಳಿದವು ಗ್ರೀಕರ ಪಕ್ಷ. ನಮ್ಮ ಕಡೆ ಸಾಮಾನ್ಯವಾದ, ಕೆಂಪು ಮೈಯ ‘ಕ್ರಿಮ್ಸನ್ ರೋಸ್’ ಚಿಟ್ಟೆಗೆ ಟ್ರಾಯ್‌ನ ವೀರನಾದ ಹೆಕ್ಟರನ ಹೆಸರೇ ನಿಂತಿದೆ. ಹಕ್ಕಿರೆಕ್ಕೆಗಳ ಕುಲಕ್ಕೆ ಮುಂದೆ ‘ಟ್ರಾಯ್ಡೆಸ್’, ಅಂದರೆ ಟ್ರಾಯ್‌ನವರನ್ನು ಹೋಲುವಂಥವು, ಎಂಬ ಹೆಸರಾಯಿತು. ಕ್ರಾಮರನ ಹೆಸರಿನ ಸಚಿತ್ರ ಡಚ್ ಗ್ರಂಥಮಾಲೆಯಲ್ಲಿ ೧೭೭೫ರಲ್ಲಿ ನೀಲವಂತಕ್ಕೆ ಥ್ರೇಸಿನ ದೊರೆಯಾದ ಪಾಲಿಮ್ನೆಸ್ಟರನ ಹೆಸರೂ, ೧೭೭೯ರಲ್ಲಿ ಹಕ್ಕಿರೆಕ್ಕೆಗೆ ಕ್ರೀಟ್ ದ್ವೀಪದ ಅರಸನಾದ ಮೈನೋಸನ ಹೆಸರೂ ದೊರಕಿದುವು. ಹೀಗೆ ಸಹ್ಯಾದ್ರಿಯ ಕಾಡಿನಲ್ಲಿ ಹಾರಾಡುವ ಕೀಟಗಳು ಯವನರ ಪುರಾಣಪುರುಷರ ಹೆಸರನ್ನು ಹೊತ್ತು ತಿರುಗುತ್ತಿವೆ. ಹಿಂದೆ ಹಕ್ಕಿರೆಕ್ಕೆಯನ್ನು ಈಶಾನ್ಯ ಭಾರತದ ‘ಹೆಲೆನಾ’ ಜಾತಿಯ ಒಂದು ಉಪಜಾತಿಯೆಂದು ಎಣಿಸುತ್ತಿದ್ದುದುಂಟು; ಈಗ ಅದು ಸ್ವತಂತ್ರ ಜಾತಿಯೆಂದೂ ದಕ್ಷಿಣ ಭಾರತಕ್ಕೆ ಮಾತ್ರ ಸೇರಿದ್ದೆಂದೂ ಒಪ್ಪಿದ್ದಾರೆ.

ರೂಪಲಕ್ಷಣ

ರೆಕ್ಕೆಗಳನ್ನು ಹರಡಿದಾಗ ಹಕ್ಕಿರೆಕ್ಕೆಯ ಅಗಲವು ೧೪೦ರಿಂದ ೧೯೦ ಮಿಲಿಮೀಟರುಗಳಷ್ಟಾಗುತ್ತದೆ. ಮುಂದಿನ ರೆಕ್ಕೆಗಳು ಮಖಮಲ್ಲಿನಂಥ ಕಪ್ಪು. ನರಗಳ ಇಕ್ಕೆಲದಲ್ಲಿ ಮಾಸಲು ಬಿಳಿಯ ಗೆರೆಗಳುಂಟು. ಹಿಂದಿನ ರೆಕ್ಕೆಗಳು ಕರಿಯ ಅಂಚುಳ್ಳ ಹೊಂಬಣ್ಣದವು. ಹೊಟ್ಟೆಯ ಭಾಗ ಹಳದಿ. ಕತ್ತಿನ ಸುತ್ತ ಕುಂಕುಮದ ಕೆಂಪು. ಕನ್ನಡಿಗರ ಬಾವುಟದ ಎರಡೂ ಬಣ್ಣಗಳು ಅದರ ಮೈಮೇಲಿವೆಯೆಂಬುದು ಸಂತೋಷದ ಕಾಕತಾಳೀಯ. ಹೆಣ್ಣು ಗಂಡಿಗಿಂತ ದೊಡ್ಡದು. ಅದರ ಹಿಂದಿನ ರೆಕ್ಕೆಯ ಹಳದಿಯಲ್ಲಿ ಕರಿಯ ಬೊಟ್ಟುಗಳ ಸಾಲಿರುವುದರಿಂದ ಸುಲಭವಾಗಿ ಗುರುತಿಸಬಹುದು. ಗಂಡಿನ ಹಿಂದಿನ ರೆಕ್ಕೆಯ ಒಳಮಡಿಕೆಯಲ್ಲಿ ಹೆಣ್ಣನ್ನು ಒಲಿಸುವ ಗಂಧವನ್ನು ಸೂಸುವ ನವುರಾದ ರೋಮಗಳಿವೆ.

ಭಾರತದ ಚಿಟ್ಟೆಗಳಲ್ಲಿ ಇದೇ ಅತಿ ದೊಡ್ಡದೆಂಬ ಕೀರ್ತಿ ದೀರ್ಘಕಾಲ ನಿಂತಿತ್ತು. ೧೯೩೨ರಲ್ಲಿ ಬ್ರಿಗೇಡಿಯರ್ ಇವಾನ್ಸ್ ದಾಖಲಿಸಿದ ೧೯೦ ಮಿಲಿಮೀಟರಿನ ಅಳತೆಯೇ ಅದಕ್ಕೆ ಆಧಾರ. ೨೦೨೦ರಲ್ಲಿ ಉತ್ತರಾಖಂಡದ ದೀದಿಹಾಟ್‌ನಲ್ಲಿ ದೊರೆತ ಹಿಮಾಲಯದ ಹೊನ್ನ ಹಕ್ಕಿರೆಕ್ಕೆಯ ಹೆಣ್ಣೊಂದು ೧೯೪ ಮಿಲಿಮೀಟರು ಇತ್ತೆಂದು ಪ್ರಕಟವಾದಂದಿನಿಂದ ಆ ಕಿರೀಟವು ನಾಲ್ಕು ಮಿಲಿಮೀಟರುಗಳ ಅಂತರದಲ್ಲಿ ಕೈಜಾರಿತು. ಜಗತ್ತಿನಲ್ಲೇ ಹಿರಿದಾದ ಚಿಟ್ಟೆಯೂ ಈ ಬಳಗದ್ದೇ: ಪಾಪುವಾ ನ್ಯೂಗಿನಿಯ ‘ರಾಣಿ ಅಲೆಕ್ಸಾಂಡ್ರಾ’ ಹಕ್ಕಿರೆಕ್ಕೆಯ ಹೆಣ್ಣು ೨೫ ಸೆಂಟಿಮೀಟರುಗಳನ್ನೂ ಮೀರುವುದುಂಟು.

ಕಾರವಾರದ ಶೋಧ, ಮುಂಬಯಿಯ ಮುದ್ರಣ

ಮುಂಬಯಿಯ ಸುತ್ತಮುತ್ತ ವಾಸಿಸುವ ಕನ್ನಡಿಗರು ಮರೆಯಬಾರದ ಒಂದು ಚಾರಿತ್ರಿಕ ಸಂಗತಿ ಇಲ್ಲಿದೆ. ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಅಲ್ಲಿಯೇ ಇತ್ತು. ಈ ಅವಧಿಯಲ್ಲಿ ಕಾರವಾರದಲ್ಲಿದ್ದ ಮೂವರು ಸರಕಾರಿ ಅಧಿಕಾರಿಗಳು—ಕಲೆಕ್ಟರರಾಗಿದ್ದ ಡೇವಿಡ್‌ಸನ್, ಅರಣ್ಯ ಇಲಾಖೆಯ ಬೆಲ್, ಸುಂಕ ಮತ್ತು ಉಪ್ಪಿನ ಇಲಾಖೆಯ ಐಟ್ಕನ್—ಬಿಡುವಿನ ವೇಳೆಯಲ್ಲಿ ಚಿಟ್ಟೆಗಳ ಮರಿಹುಳುಗಳನ್ನು ಮನೆಯಲ್ಲಿ ಸಾಕಿ, ಯಾವ ಚಿಟ್ಟೆ ಯಾವ ಗಿಡವನ್ನು ತಿನ್ನುತ್ತದೆ, ಎಷ್ಟು ದಿನದಲ್ಲಿ ಬೆಳೆಯುತ್ತದೆ ಎಂಬುದನ್ನು ಕಂಡು ಬರೆದಿಟ್ಟರು. ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತ ಅವರ ಲೇಖನಮಾಲೆಯು ೧೮೯೬-೯೭ರಲ್ಲಿ ಬಾಂಬೇ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಸತ್ತ ಚಿಟ್ಟೆಗಳನ್ನು ಸೂಜಿಗೆ ಚುಚ್ಚಿ ಪೆಟ್ಟಿಗೆಯಲ್ಲಿಡುವುದೇ ಶಾಸ್ತ್ರವೆನಿಸಿದ್ದ ಕಾಲದಲ್ಲಿ ಜೀವಂತ ಹುಳುವಿನ ದಿನಚರಿಯನ್ನು ಬರೆದದ್ದೇ ಈ ಮೂವರ ಹಿರಿಮೆ. ಬೆಲ್ ಅವರಂತೂ ನಿವೃತ್ತಿಯ ಬಳಿಕವೂ ಕಾರವಾರವನ್ನು ಬಿಡದೆ ೧೯೪೮ರಲ್ಲಿ ಅಲ್ಲಿಯೇ ತೀರಿಕೊಂಡರು. ಮುಂದೆ ೧೯೫೭ರಲ್ಲಿ ಅದೇ ಸೊಸೈಟಿಯು ವಿಂಟರ್-ಬ್ಲೈತ್ ಅವರ ಭಾರತೀಯ ಚಿಟ್ಟೆಗಳ ಬೃಹದ್‌ಗ್ರಂಥವನ್ನು ಪ್ರಕಟಿಸಿತು. ಆದುದರಿಂದ ಕನ್ನಡ ನೆಲದ ಚಿಟ್ಟೆಗಳ ಜ್ಞಾನವು ಮೊದಲು ಅಚ್ಚಿನ ಮನೆಯನ್ನು ಕಂಡದ್ದು ಮುಂಬಯಿಯಲ್ಲಿಯೇ ಎನ್ನಲು ಅಡ್ಡಿಯಿಲ್ಲ.

ಜೀವನದ ನಾಲ್ಕು ಅವಸ್ಥೆಗಳು

ಹಕ್ಕಿರೆಕ್ಕೆಯ ಹೆಣ್ಣು ಕಂಡ ಕಂಡ ಗಿಡದಲ್ಲಿ ಮೊಟ್ಟೆಯಿಡುವುದಿಲ್ಲ. ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ತಟ್ಟಿ ತಟ್ಟಿ ಅದರ ರುಚಿಯನ್ನು ಪರೀಕ್ಷಿಸುತ್ತದೆ. ಚಿಟ್ಟೆಗೆ ರುಚಿಯ ಇಂದ್ರಿಯ ಕಾಲಿನಲ್ಲಿಯೂ ಇದೆ. ಅದು ಅರಸುವುದು ‘ಅರಿಸ್ಟೊಲೋಕಿಯ’ ಕುಟುಂಬದ ಸಸ್ಯಗಳನ್ನು ಮಾತ್ರ. ನಮ್ಮ ಈಶ್ವರಿ ಬಳ್ಳಿಯು ಈ ಕುಟುಂಬದ್ದು. ಈಶ್ವರಬೇರು ಎಂದೂ ಇದನ್ನು ಕರೆಯುವರು. ಮರಾಠಿಯಲ್ಲಿ ಇದಕ್ಕೆ ‘ಸಾಪಸನ್’ ಎನ್ನುತ್ತಾರೆ. ಇದಲ್ಲದೆ ಅದೇ ಕುಲದ ದೊಡ್ಡ ಎಲೆಯ ಕಾಡುಬಳ್ಳಿಯೊಂದೂ, ‘ಥೋಟಿಯಾ’ ಎಂಬ ಪೊದೆಯೂ ಇದರ ಆಹಾರ. ಈಶ್ವರಿಯ ಹೂವೂ ವಿಚಿತ್ರವಾದದ್ದು: ಬಾಗಿದ ನಳಿಗೆಯಂತಿದ್ದು, ಒಳಹೊಕ್ಕ ಸಣ್ಣ ನೊಣವನ್ನು ರೋಮಗಳಿಂದ ತಡೆಹಿಡಿದು, ಪರಾಗಸ್ಪರ್ಶದ ಕೆಲಸ ಮುಗಿದ ಮೇಲೆ ಬಿಡುಗಡೆ ಮಾಡುತ್ತದೆ.

ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಒಡೆದು ಬಂದ ಮರಿಹುಳು ನಾಲ್ಕು ಬಾರಿ ಪೊರೆ ಕಳಚುತ್ತ ಕೆಲವು ವಾರಗಳಲ್ಲಿ ಬೆರಳಿನ ದಪ್ಪಕ್ಕೆ ಬೆಳೆಯುತ್ತದೆ. ಬಣ್ಣ ಕಪ್ಪು ಮಿಶ್ರಿತ ಕೆಂಪು; ಮೈತುಂಬ ಮೃದುವಾದ ಮಾಂಸದ ಮುಳ್ಳುಗಳು; ನಡುವೆ ಓರೆಯಾದ ಬಿಳಿಯ ಪಟ್ಟೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಒಂದು ಕೊಂಬು ಹೊರಬಿದ್ದು ದುರ್ಗಂಧ ಬೀರುತ್ತದೆ. ಇದು ಈ ವಂಶದ ಎಲ್ಲ ಮರಿಹುಳುಗಳಿಗೂ ಇರುವ ಆಯುಧ. ಬೆಳೆದ ಹುಳುವಿನ ಹಸಿವು ಎಷ್ಟೆಂದರೆ ಎಲೆ ಮುಗಿದ ಮೇಲೆ ಬಳ್ಳಿಯ ಎಳೆಯ ಕಾಂಡವನ್ನೂ ಕಡಿದು ತಿನ್ನುತ್ತದೆ. ಬಳಿಕ ಸೊಂಟಕ್ಕೆ ರೇಷ್ಮೆಯ ನೂಲೊಂದನ್ನು ಬಿಗಿದುಕೊಂಡು ಒಣಗಿದ ಎಲೆಯ ಸುರುಳಿಯಂತೆ ತೋರುವ ಕೋಶವಾಗುತ್ತದೆ. ಈ ಕೋಶವನ್ನು ಮುಟ್ಟಿದರೆ ಬುಸುಗುಟ್ಟುವ ಸದ್ದು ಕೇಳಿಬರುತ್ತದೆಂಬುದು ಆಶ್ಚರ್ಯಕರ. ಕೆಲವು ವಾರಗಳಲ್ಲಿ ಚಿಟ್ಟೆ ಹೊರಬರುತ್ತದೆ. ಬೆಳಗಿನ ಹೊತ್ತು ಮರಗಳ ನೆತ್ತಿಯ ಮೇಲೆ ನಿಧಾನವಾಗಿ ತೇಲುತ್ತ, ಲಂಟಾನ ಮೊದಲಾದ ಹೂಗಳಿಗೆ ಇಳಿದು ಮಕರಂದವನ್ನು ಹೀರುತ್ತದೆ.

ವಿಷವೇ ಕವಚ

ಇಷ್ಟು ದೊಡ್ಡ, ಇಷ್ಟು ನಿಧಾನವಾದ, ಇಷ್ಟು ಎದ್ದು ಕಾಣುವ ಕೀಟವನ್ನು ಹಕ್ಕಿಗಳು ತಿಂದು ಮುಗಿಸದಿರುವುದು ಹೇಗೆ? ಈಶ್ವರಿ ಬಳ್ಳಿಯಲ್ಲಿ ‘ಅರಿಸ್ಟೊಲೋಕಿಕ್ ಆಮ್ಲ’ವೆಂಬ ವಿಷವಿದೆ. ಬಳ್ಳಿಯು ತನ್ನನ್ನು ಮೇಯುವ ಪ್ರಾಣಿಗಳಿಂದ ಕಾಪಾಡಿಕೊಳ್ಳಲು ಅದನ್ನು ತಯಾರಿಸಿಕೊಂಡಿತು. ಹಕ್ಕಿರೆಕ್ಕೆಯ ಹುಳುವಾದರೋ ಆ ವಿಷವನ್ನು ಅರಗಿಸಿ ಕೆಡಿಸುವುದಿಲ್ಲ. ತನ್ನ ಮೈಯಲ್ಲಿ ಕೂಡಿಡುತ್ತದೆ, ಕೋಶಕ್ಕೂ ಚಿಟ್ಟೆಗೂ ದಾಟಿಸುತ್ತದೆ. ಒಮ್ಮೆ ಕಚ್ಚಿದ ಹಕ್ಕಿ ಆ ಕಹಿಯನ್ನು ಮರೆಯುವುದಿಲ್ಲ. ಕತ್ತಿನ ಕೆಂಪು ಅದಕ್ಕೆ ನೆನಪಿನ ಗುರುತು. ಲಿನೇಯಸನು ಬಣ್ಣವನ್ನು ಮಾತ್ರ ನೋಡಿ ‘ಟ್ರಾಯ್‌ನವರು’ ಎಂದು ಗುಂಪು ಮಾಡಿದ ಚಿಟ್ಟೆಗಳಲ್ಲಿ ಹಲವು ಈ ವಿಷದ ಬಳ್ಳಿಯನ್ನು ಉಣ್ಣುವವೆಂದು ಅನಂತರ ತಿಳಿದುಬಂದಿತು. ನೋಟಕ್ಕೆ ಕಂಡ ಕೆಂಪಿನ ಹಿಂದೆ ಊಟದ ರಹಸ್ಯವಿತ್ತು.

ನಮ್ಮ ಬೆಟ್ಟಗಳಲ್ಲಿ ಏಕೆ ಕಾಣದು?

ಈಗ ಮೊದಲ ಪ್ರಶ್ನೆಗೆ ಬರೋಣ. ನೀಲವಂತದ ಹುಳು ಉಣ್ಣುವುದು ನಿಂಬೆಯ ಕುಟುಂಬದ ಗಿಡಗಳನ್ನು—ಕಾಡಿನಲ್ಲಿ ಕಾಡುನಿಂಬೆ, ಊರಿನಲ್ಲಿ ನಿಂಬೆ, ಚಕ್ಕೋತ. ಮನುಷ್ಯನು ಎಲ್ಲಿ ಮನೆ ಕಟ್ಟಿದರೂ ನಿಂಬೆಯನ್ನು ನೆಡುತ್ತಾನೆ. ಆದಕಾರಣ ನೀಲವಂತವು ಕಾಡಿನೊಡನೆ ಊರನ್ನೂ ತನ್ನದಾಗಿಸಿಕೊಂಡಿತು. ಥಾಣೆಯ ಯೇವೂರಿನ ಬೆಟ್ಟಗಳಲ್ಲಿ, ಪನವೇಲದ ಬಳಿಯ ಕರ್ನಾಳಾ ಅಭಯಾರಣ್ಯದಲ್ಲಿ ಮಾತ್ರವಲ್ಲದೆ ಬಡಾವಣೆಗಳ ತೋಟಗಳಲ್ಲಿಯೂ ಅದು ಸುಳಿಯುತ್ತದೆ. ಘೋಡಬಂದರ್ ರಸ್ತೆಯ ಓವಳೇಕರ ವಾಡಿಯಲ್ಲಿ ಚಿಟ್ಟೆಗಳಿಗಾಗಿಯೇ ಗಿಡಗಳನ್ನು ನೆಟ್ಟು ಉದ್ಯಾನವನ್ನು ಬೆಳೆಸಿದ್ದುದು, ಆಹಾರದ ಸಸ್ಯವಿದ್ದಲ್ಲಿ ಚಿಟ್ಟೆ ತಾನಾಗಿ ಬರುತ್ತದೆಂಬುದಕ್ಕೆ ನಿದರ್ಶನ.

ಹಾಗಾದರೆ ಈಶ್ವರಿ ಬಳ್ಳಿ ಥಾಣೆಯ ಕಡೆ ಇಲ್ಲವೇ? ಇದೆ. ಅದನ್ನೇ ಉಣ್ಣುವ ‘ಕ್ರಿಮ್ಸನ್ ರೋಸ್’, ‘ಕಾಮನ್ ರೋಸ್’ ಚಿಟ್ಟೆಗಳೂ ಇಲ್ಲಿವೆ. ಆದ್ದರಿಂದ ಬಳ್ಳಿ ಇದ್ದರೆ ಮಾತ್ರ ಸಾಲದು; ಬಳ್ಳಿ ಯಾವ ಸ್ಥಿತಿಯಲ್ಲಿದೆಯೆಂಬುದೂ ಮುಖ್ಯ. ಉತ್ತರ ಸಹ್ಯಾದ್ರಿಯಲ್ಲಿ ಮಳೆ ಧಾರಾಳವಾದರೂ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ತಿಂಗಳುಗಳು ಬಹುಮಟ್ಟಿಗೆ ಒಣ. ಮರಗಳು ಎಲೆಯುದುರಿಸುತ್ತವೆ, ಬಳ್ಳಿಗಳು ಸೊರಗುತ್ತವೆ. ದಕ್ಷಿಣಕ್ಕೆ ಹೋದಂತೆ ಮಳೆಗಾಲ ನೀಳುತ್ತದೆ. ಆಗುಂಬೆ, ಕುದುರೆಮುಖ, ಚಾರ್ಮಾಡಿ, ಕೊಡಗುಗಳ ನಿತ್ಯಹರಿದ್ವರ್ಣದ ಮಲೆಗಾಡಿನಲ್ಲಿ ಬಳ್ಳಿ ಮರದ ನೆತ್ತಿಗೇರಿ ಬಹುಕಾಲ ಹಸಿರಾಗಿರುತ್ತದೆ. ಚಿಕ್ಕ ಚಿಟ್ಟೆಯ ಹುಳುವಿಗೆ ಸಣ್ಣ ಬಳ್ಳಿಯೊಂದು ಸಾಕು. ಹಕ್ಕಿರೆಕ್ಕೆಯ ಬಕಾಸುರ ಹುಳುವಿಗೆ ಸಾಲದು. ಆದುದರಿಂದಲೇ ಮಹಾರಾಷ್ಟ್ರದಲ್ಲಿ ಅದು ಅಂಬೋಲಿಯ ಕಡೆಯ ತೇವದ ಕಾಡುಗಳಲ್ಲಿ ಕಾಣಸಿಗುವಂತೆ ನಮ್ಮ ಯೇವೂರು, ಮಲಂಗಗಡಗಳಲ್ಲಿ ಕಾಣಸಿಗದೆಂದು ಊಹಿಸಬಹುದು. ಹಿಮಾಲಯದಲ್ಲಿ, ಈಶಾನ್ಯದಲ್ಲಿ ಅದರ ದಾಯಾದಿಗಳಿದ್ದು ನಡುವಿನ ಒಣನಾಡಿನಲ್ಲಿ ಇಲ್ಲದಿರುವುದನ್ನು ನೋಡಿದರೆ, ಹಿಂದೊಮ್ಮೆ ತೇವದ ಕಾಡುಗಳು ಇನ್ನೂ ವಿಸ್ತಾರವಾಗಿದ್ದು, ಅವು ಕುಗ್ಗಿದಾಗ ಈ ಚಿಟ್ಟೆ ಸಹ್ಯಾದ್ರಿಯಲ್ಲಿ ಬೇರ್ಪಟ್ಟು ಉಳಿಯಿತೆಂಬ ಊಹೆಯೂ ಅಸಂಗತವಲ್ಲ.

ಬಳ್ಳಿಗೆ ಒದಗಿದ ಕಂಟಕ

ಹಕ್ಕಿರೆಕ್ಕೆ ಇಂದು ಅಳಿವಿನ ಅಂಚಿನಲ್ಲಿರುವ ಜಾತಿಯಲ್ಲ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅದು ಇನ್ನೂ ಸಾಕಷ್ಟು ಕಾಣಸಿಗುತ್ತದೆ. ಅಂತರರಾಷ್ಟ್ರೀಯ ವಾಣಿಜ್ಯ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಅದರ ಕುಲವೆಲ್ಲ ಸೇರಿರುವುದರಿಂದ ದೇಶದಿಂದ ದೇಶಕ್ಕೆ ಮಾರಾಟ ಮಾಡುವುದಕ್ಕೂ ಕಟ್ಟುಪಾಡುಗಳಿವೆ. ಆದರೆ ಚಿಟ್ಟೆಯನ್ನು ಹಿಡಿಯುವವನನ್ನು ತಡೆಯುವ ಶಾಸನವು ಬಳ್ಳಿಯನ್ನು ಕಡಿಯುವವನನ್ನು ತಡೆಯುವುದಿಲ್ಲ. ಬಳ್ಳಿಯೆಂದರೆ ಮರವನ್ನು ಬಿಗಿದು ಕೆಡಿಸುವ ಕಳೆಯೆಂಬ ಭಾವನೆ ತೋಟಗಾರರಲ್ಲಿಯೂ ಇದೆ. ಬೆಲೆಬಾಳುವ ಮರಗಳು ನೆಟ್ಟಗೆ ಬೆಳೆಯಲೆಂದು ಬಳ್ಳಿಗಳನ್ನು ಸವರುವುದು ಬ್ರಿಟಿಷರ ಕಾಲದಿಂದ ಅರಣ್ಯಶಾಸ್ತ್ರದ ಒಂದು ವಿಧಿಯೇ ಆಗಿತ್ತು. ತುಳುನಾಡಿನ ನಾಗಬನಗಳಲ್ಲಿ, ಕೊಡಗಿನ ದೇವರಕಾಡುಗಳಲ್ಲಿ ಕತ್ತಿ ತಾಗದ ಬಳ್ಳಿಗಳು ಉಳಿದಿದ್ದುವು. ಬನದ ಗಿಡಮರಗಳನ್ನು ತೆಗೆದು ಕಾಂಕ್ರೀಟಿನ ಕಟ್ಟೆಯನ್ನು ಕಟ್ಟುವ ಈಚಿನ ಪದ್ಧತಿಯಿಂದ ಅವೂ ಕಡಿಮೆಯಾಗುತ್ತಿವೆ. ನಾಗನಿಗೆ ಕಲ್ಲಿನ ಕಟ್ಟೆ ದೊರೆತರೂ ಚಿಟ್ಟೆಗೆ ಎಲೆ ದೊರೆಯದು.

ಇನ್ನೊಂದು ಕಂಟಕವು ನಮ್ಮ ನಂಬಿಕೆಯಿಂದ ಬಂದದ್ದು. ಈಶ್ವರಬೇರು ಹಾವಿನ ವಿಷಕ್ಕೆ ಮದ್ದೆಂದು ಹಳ್ಳಿಗಳಲ್ಲಿ ಬಹುಕಾಲದಿಂದ ಪ್ರತೀತಿಯುಂಟು. ಬೇರನ್ನು ಕಿತ್ತರೆ ಬಳ್ಳಿಯೇ ಹೋಯಿತು. ಆದರೆ ಚಿಟ್ಟೆಗೆ ಕವಚವಾದ ಅದೇ ಆಮ್ಲವು ಮನುಷ್ಯನ ಮೂತ್ರಪಿಂಡಗಳಿಗೆ ಮಾರಕ. ೧೯೯೦ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ಮೈ ಇಳಿಸುವ ಚಿಕಿತ್ಸೆಗೆಂದು ಕೊಟ್ಟ ಗಿಡಮೂಲಿಕೆಯ ಗುಳಿಗೆಗಳಲ್ಲಿ ಈ ಕುಲದ ಸಸ್ಯವೊಂದು ಬೆರೆತಿದ್ದುದರಿಂದ ನೂರಕ್ಕೂ ಮೇಲ್ಪಟ್ಟು ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟುವು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಸಂಸ್ಥೆಯು ಈ ಆಮ್ಲವನ್ನು ಮನುಷ್ಯರಲ್ಲಿ ನಿಶ್ಚಿತವಾಗಿ ಅರ್ಬುದವನ್ನುಂಟುಮಾಡುವ ಪದಾರ್ಥಗಳ ಮೊದಲ ವರ್ಗಕ್ಕೆ ಸೇರಿಸಿದೆ. ಹಾವು ಕಚ್ಚಿದವರಿಗೆ ಆಸ್ಪತ್ರೆಯ ಪ್ರತಿವಿಷವೇ ಮದ್ದು. ಬೇರನ್ನು ಅರೆದು ಕುಡಿಸುವುದರಿಂದ ರೋಗಿಗೂ ಅಪಾಯ, ಕಾಡಿಗೂ ನಷ್ಟ. ಒಂದೇ ಎಲೆ ಒಬ್ಬರಿಗೆ ಅನ್ನವೂ ಇನ್ನೊಬ್ಬರಿಗೆ ವಿಷವೂ ಆಗಬಲ್ಲದೆಂಬುದನ್ನು ನಮ್ಮ ಊರಿನ ಹಿರಿಯರಿಗೆ ತಿಳಿಯಹೇಳುವ ಕೆಲಸ ವಿದ್ಯಾವಂತರದು.

ನಾವು ಮಾಡಬಹುದಾದದ್ದು

ಆಸ್ಟ್ರೇಲಿಯದ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಅಲ್ಲಿನ ‘ರಿಚ್ಮಂಡ್’ ಹಕ್ಕಿರೆಕ್ಕೆಯ ಕಾಡು ಕ್ಷಯಿಸಿದಾಗ ಅದು ತೋಟಗಳಲ್ಲಿ ಅಲಂಕಾರಕ್ಕೆ ಬೆಳೆಸಿದ ಪರದೇಶದ ಅರಿಸ್ಟೊಲೋಕಿಯ ಬಳ್ಳಿಯ ಮೇಲೆ ಮೊಟ್ಟೆಯಿಡತೊಡಗಿತು. ಗಂಧದಿಂದ ಮೋಸಹೋದ ತಾಯಿಯ ಮರಿಗಳೆಲ್ಲ ಆ ಎಲೆಯ ವಿಷದಿಂದ ಸತ್ತುವು. ೧೯೯೦ರ ದಶಕದಲ್ಲಿ ವಿಜ್ಞಾನಿಗಳು ಶಾಲೆಯ ಮಕ್ಕಳನ್ನೂ ಗೃಹಸ್ಥರನ್ನೂ ಸೇರಿಸಿಕೊಂಡು ಪರದೇಶದ ಬಳ್ಳಿಯನ್ನು ಕಿತ್ತು ಸ್ವದೇಶದ ಬಳ್ಳಿಯನ್ನು ಊರೂರುಗಳಲ್ಲಿ ನೆಡಿಸಿದರು. ಅಳಿಯುವ ಸ್ಥಿತಿಯಲ್ಲಿದ್ದ ಚಿಟ್ಟೆಗೆ ಅದರಿಂದ ಮತ್ತೆ ನೆಲೆ ದೊರೆಯಿತು. ನಮ್ಮಲ್ಲಿಯೂ ಮೂಡಬಿದಿರೆಯ ಬಳಿಯ ಬೆಳುವಾಯಿಯಲ್ಲಿ ಖಾಸಗಿ ಪ್ರಯತ್ನದಿಂದ ಬೆಳೆದ ಚಿಟ್ಟೆವನವು ಇಂಥ ಕೆಲಸಕ್ಕೆ ದಾರಿ ತೋರಿಸಿದೆ.

ಹೊರನಾಡಿನಲ್ಲಿರುವ ನಮಗೆ ಎರಡು ಕೆಲಸಗಳು ಸಾಧ್ಯ. ಇಲ್ಲಿ ಮನೆಯ ನಿಂಬೆಯ ಕುಂಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳುವೊಂದು ಎಲೆಯನ್ನು ತಿನ್ನುತ್ತಿದ್ದರೆ ಔಷಧ ಸಿಂಪಡಿಸದೆ ಬಿಡುವುದು ಮೊದಲನೆಯದು. ನಾಲ್ಕು ಎಲೆಗಳ ಬೆಲೆಗೆ ಒಂದು ನೀಲವಂತವೋ ಅದರ ಬಳಗದ ಇನ್ನೊಂದು ಚಿಟ್ಟೆಯೋ ದೊರೆಯುತ್ತದೆ. ಎರಡನೆಯದು ಊರಿನದು. ನಮ್ಮಲ್ಲಿ ಅನೇಕರಿಗೆ ಘಟ್ಟದ ಮೇಲೋ ಕೆಳಗೋ ಪಿತ್ರಾರ್ಜಿತವಾದ ತೋಟವೋ ಬೆಟ್ಟದ ತುಂಡೋ ಬನದಲ್ಲಿ ಪಾಲೋ ಇದೆ. ಬನದ ಜೀರ್ಣೋದ್ಧಾರಕ್ಕೆಂದು ಹಣ ಕೇಳುವ ಪತ್ರಗಳೂ ಬರುತ್ತವೆ. ಹಣ ಕಳುಹಿಸುವಾಗ ಬಳ್ಳಿಯನ್ನು ಕಡಿಯಬಾರದು, ಬನವನ್ನು ಬನವಾಗಿಯೇ ಉಳಿಸಬೇಕು ಎಂಬ ಮಾತನ್ನು ಸೇರಿಸಿ ಬರೆಯುವ ಅಧಿಕಾರ ನಮಗಿದೆ.

೨೦೧೨ರಲ್ಲಿ ಪಶ್ಚಿಮಘಟ್ಟದ ೩೯ ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳಲ್ಲಿ ಕರ್ನಾಟಕದವು ೧೦, ಮಹಾರಾಷ್ಟ್ರದವು ೪. ಥಾಣೆಯ ಬೆಟ್ಟಗಳು ಆ ಪಟ್ಟಿಯಲ್ಲಿಲ್ಲ. ನಮ್ಮ ಊರಿನ ಹಿತ್ತಿಲ ಬನಗಳೂ ಇಲ್ಲ. ಪಟ್ಟಿಯ ಹೊರಗಿರುವ ಕಾಡನ್ನು ಕಾಯಲು ಅದರ ಅಕ್ಕಪಕ್ಕದವರಲ್ಲದೆ ಬೇರೆ ಯಾರಿದ್ದಾರೆ? ರಾಜ್ಯಚಿಟ್ಟೆಯೆಂಬ ಬಿರುದು ಸರಕಾರದ ಕಾಗದದಿಂದ ಬಂದಿತು. ಆದರೆ ಚಿಟ್ಟೆ ಬದುಕುವುದು ಬಳ್ಳಿಯ ಎಲೆಯಿಂದ. ಆ ಎಲೆ ಉಳಿದರೆ ಬಿರುದಿಗೆ ಅರ್ಥವುಂಟು.